ಹೂವಿಗೆ ಮಾತ್ರ

ಗ್ಲಾಡಿಯೋಲಸ್ ಹೂವಿಗೆ ವಾಸನೆ ಇಲ್ಲ. ಆದರೆ ಅದರ ದಂಟು ಎರಡು ದಿನ ನಿಂತ ಬಕೆಟ್ಟಿನ ನೀರಿಗೆ ಒಂದು ಹಸಿ ವಾಸನೆ ಇರುತ್ತದೆ, ಹೆಚ್ಚಿಟ್ಟು ಮರೆತ ಸೌತೆಕಾಯಿಯ ಹಾಗೆ. ಕಳೆದ ತಿಂಗಳು ಜೆ.ಪಿ. ನಗರದ ಒಂದು ಕಲ್ಯಾಣ ಮಂಟಪದಲ್ಲಿ ಧಾರೆ ಮುಗಿಸಿಕೊಂಡು ಊಟಕ್ಕೆಂದು ಮೆಟ್ಟಿಲು ಇಳಿಯುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಸಂಜೆಯ ಆರತಕ್ಷತೆಗೆಂದು ಗೋಡೆಯ ಪಕ್ಕ ಹತ್ತು ಹನ್ನೆರಡು ಬಕೆಟ್ ಗ್ಲಾಡಿಯೋಲಸ್ ನಿಲ್ಲಿಸಿದ್ದರು, ಬಿಳಿ ಮತ್ತು ತಿಳಿ ಗುಲಾಬಿ. ನಾನು ಬಗ್ಗಿ ಎಸಳಿನ ಅಂಚು ನೋಡಿದೆ. ಒಂದು ಚೂರೂ ಕಂದು ಇರಲಿಲ್ಲ. ಯಾರೋ ತಿಳಿದವರೇ ನೀರು ಹಾಕಿದ್ದಾರೆ ಅಂದುಕೊಂಡೆ.

ಆ ಹೂವಿನ ಸಹವಾಸ ನನಗಿದ್ದದ್ದು ಎಷ್ಟೋ ವರ್ಷಗಳ ಹಿಂದೆ, ಒಂದೇ ಒಂದು ಬೇಸಿಗೆ. ಹತ್ತೊಂಬತ್ತು ವರ್ಷ ಇದೇ ಬೆಂಗಳೂರಿನ ಶ್ರೀನಗರದ ಒಂದು ಮನೆಯಲ್ಲಿ ಸಂಸಾರ ಮಾಡಿ, ಇನ್ನು ಆಗುವುದಿಲ್ಲ ಅನ್ನಿಸಿದ ದಿನ ಎರಡು ಸೂಟ್‌ಕೇಸ್ ಹಿಡಿದು ಜಯನಗರದ ಅಣ್ಣನ ಮನೆಗೆ ಬಂದಿದ್ದೆ. ಕೆಲಸವಿಲ್ಲ, ಮಕ್ಕಳಿಲ್ಲ, ನಲವತ್ತಾರು ವಯಸ್ಸು. ಅಣ್ಣ ಒಂದು ಮಾತೂ ಕೇಳದೆ ಮಹಡಿಯ ರೂಮಿನ ಬೀಗದ ಕೈ ಕೊಟ್ಟ. ಅತ್ತಿಗೆ ನಳಿನಿ ಮಾತ್ರ ಎರಡನೇ ದಿನವೇ, "ವಸು, ಮೇಲೆ ಕೂತು ಗೋಡೆ ನೋಡ್ತಿದ್ರೆ ತಲೆ ಕೆಡುತ್ತೆ ಕಣೇ. ಕೆಳಗೆ ಬಾ, ಕೈ ತುಂಬ ಕೆಲಸ ಇದೆ" ಎಂದು ಕರೆದರು.

ಕೆಳಗೆ ಎಂದರೆ ಗ್ಯಾರೇಜ್. ಅಣ್ಣನ ಕಾರು ಬೀದಿಯಲ್ಲಿ ಬಿಸಿಲು ಕಾಯುತ್ತಿತ್ತು. ಅದರ ಜಾಗದಲ್ಲಿ ಅತ್ತಿಗೆ ಹೂವಿನ ಅಲಂಕಾರದ ಕೆಲಸ ನಡೆಸುತ್ತಿದ್ದರು. ನಿಶ್ಚಿತಾರ್ಥ, ಆರತಕ್ಷತೆ, ಅರವತ್ತರ ಶಾಂತಿ, ಹೀಗೆ ಬನಶಂಕರಿ, ಬಸವನಗುಡಿಯ ಸುತ್ತಮುತ್ತಲಿನ ಮನೆಯವರೆಲ್ಲ ಅವರ ಗಿರಾಕಿಗಳು. ಅತ್ತಿಗೆಯ ಮಾತು ಮೆಣಸಿನಕಾಯಿ, ಕೈ ಧಾರಾಳ. ಬೈದ ಅರ್ಧ ಗಂಟೆಗೆ ಕಾಫಿ ತಂದುಕೊಡುವ ಜಾತಿ. ಅಲ್ಲಿ ಅವರಿಗೆ ಬಲಗೈಯಾಗಿ ಇದ್ದವಳು ಶಾಂತವ್ವ. ಗದಗಿನ ಕಡೆಯವಳು, ಗಂಡನ ಸೆಕ್ಯುರಿಟಿ ಕೆಲಸಕ್ಕಾಗಿ ಬಂದು ಬಿಟಿಎಂ ಲೇಔಟ್‌ನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದಳು. ನಾವು ಬೆಂಗಳೂರಿನವರು, ನಮ್ಮ ಬಾಯಿಗೆ ಅನುಕೂಲವಾಗುವಂತೆ ಅವಳನ್ನು ಶಾಂತಮ್ಮ ಮಾಡಿದ್ದೆವು. ಅವಳು ಅತ್ತಿಗೆಯನ್ನು ಮೇಡಂ ಅನ್ನುತ್ತಿದ್ದಳು, ನನ್ನನ್ನು ಮಾತ್ರ ಮೊದಲ ದಿನದಿಂದಲೂ ಅಕ್ಕಾರ ಅಂದಳು.

ಆ ವರ್ಷ ಎಲ್ಲರಿಗೂ ಗ್ಲಾಡಿಯೋಲಸ್ ಹುಚ್ಚು ಹಿಡಿದಿತ್ತು. ಮಾರ್ಕೆಟ್ಟಿನವರು ಅದನ್ನು ಗ್ಲಾಡಿ ಅನ್ನುತ್ತಾರೆ. ಆರಿಸುವುದನ್ನು ಅತ್ತಿಗೆ ಕಲಿಸಿದರು. "ಕೆಳಗಿನ ಒಂದೋ ಎರಡೋ ಮೊಗ್ಗು ಬಣ್ಣ ತೋರಿಸ್ಬೇಕು, ಅರಳಿರಬಾರದು. ಅರಳಿದ್ದು ತಂದ್ರೆ ಮದುವೆ ಹೊತ್ತಿಗೆ ಬಾಡುತ್ತೆ. ಪೂರ್ತಿ ಹಸಿರು ತಂದ್ರೆ ಹುಡುಗಿ ಗಂಡನ ಮನೆ ಸೇರಿದ್ಮೇಲೆ ಅರಳುತ್ತೆ." ದಂಟು ಹಿಡಿದರೆ ಗಟ್ಟಿಯಾಗಿರಬೇಕು, ಮೊಗ್ಗುಗಳು ಒತ್ತಾಗಿರಬೇಕು. ಆಟೋದಲ್ಲಿ ತರುವಾಗ ಮಗುವನ್ನು ಹಿಡಿದ ಹಾಗೆ ನೆಟ್ಟಗೆ ಹಿಡಿದು ಕೂರಬೇಕು. ಮಲಗಿಸಿದರೆ ಅದರ ತುದಿ ಮೇಲಕ್ಕೆ ಬಾಗುತ್ತದೆ, ಆಮೇಲೆ ಏನು ಮಾಡಿದರೂ ನೆಟ್ಟಗಾಗದು. ಮನೆಗೆ ಬಂದ ಮೇಲೆ ಬುಡವನ್ನು ನೀರೊಳಗೇ ಓರೆಯಾಗಿ ಕತ್ತರಿಸುವುದು, ತುತ್ತತುದಿಯ ಪುಟ್ಟ ಮೊಗ್ಗನ್ನು ಚಿವುಟುವುದು, ಬಾಡಿದ ಕೆಳಗಿನ ಹೂವನ್ನು ಆಗಾಗ ಕಿತ್ತು ಮೇಲಿನದಕ್ಕೆ ದಾರಿ ಮಾಡುವುದು. ಶಾಂತವ್ವ ಚಿವುಟುವುದನ್ನು ನೋಡಲು ಚೆಂದ. ಬೆರಳು ಆಡಿದ್ದೇ ಕಾಣುತ್ತಿರಲಿಲ್ಲ. "ಹಿಂಗ ಚಿವುಟಿದ್ರ ಸಿಟ್ಟಿಗೆದ್ದು ಅರಳತಾವ್ರೀ ಅಕ್ಕಾರ" ಎಂದು ನಗುತ್ತಿದ್ದಳು. ಆ ದಿನಗಳಲ್ಲಿ ನಾನು ನಕ್ಕದ್ದೇನಾದರೂ ಇದ್ದರೆ ಅವಳ ಜೊತೆಗೇ.

ಇನ್ನು ನೀರು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್‌ಗಳು ಒಂದೊಂದಾಗಿ ಕೈ ಎತ್ತಿದವು. ಕಾವೇರಿ ನೀರು ಯಾವಾಗ ಬರುತ್ತದೆ ಯಾರಿಗೂ ಗೊತ್ತಿಲ್ಲ. ಬಂದರೂ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಸ್ನಾನ, ಪಾತ್ರೆ, ಬಟ್ಟೆಗೆಲ್ಲ ಟ್ಯಾಂಕರ್ ನೀರು. ಅದು ಎಲ್ಲಿಯದೋ ಆಳದ ಬೋರ್‌ವೆಲ್ಲಿನದು. ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಕಟ್ಟುತ್ತಿತ್ತು. ಸೇವಂತಿಗೆ, ಗುಲಾಬಿ ಆ ನೀರನ್ನು ಹೇಗೋ ಸಹಿಸಿಕೊಳ್ಳುತ್ತಿದ್ದವು, ಗ್ಲಾಡಿ ಸಹಿಸುತ್ತಿರಲಿಲ್ಲ. ಅದರಲ್ಲಿ ಫ್ಲೋರೈಡ್ ಇರುತ್ತದೆ, ಈ ಹೂವಿನ ಎಸಳನ್ನು ಅಂಚಿನಿಂದ ಸುಡುತ್ತದೆ ಎಂದು ಬೆಳೆಗಾರನೊಬ್ಬ ಅತ್ತಿಗೆಗೆ ಹೇಳಿದ್ದ. ಹಾಗಾಗಿ ಗ್ಯಾರೇಜಿನ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮು. ಕಾವೇರಿ ನೀರು ಬಂದಾಗ ಮೊದಲು ಅಡುಗೆಮನೆಗೆ ಹಿಡಿದು, ಮಿಕ್ಕದ್ದನ್ನು ಅದಕ್ಕೆ ತುಂಬುವುದು. ಡ್ರಮ್ಮಿನ ಮೇಲೆ ಅತ್ತಿಗೆ ದಪ್ಪ ಮಾರ್ಕರ್‌ನಲ್ಲಿ "ಹೂವಿಗೆ ಮಾತ್ರ" ಎಂದು ಬರೆದಿದ್ದರು. ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸಿ ಬರುತ್ತಿದ್ದ ಅಣ್ಣ ಅದನ್ನು ಓದಿ, "ಮುಂದಿನ ಜನ್ಮದಲ್ಲಿ ಇದೇ ಮನೇಲಿ ಗ್ಲಾಡಿಯಾಗಿ ಹುಟ್ತೀನಿ" ಅನ್ನುತ್ತಿದ್ದ. ಆ ಡ್ರಮ್ಮಿನಿಂದ ಹೂವಿಗಲ್ಲದೆ ನೀರು ಹೋಗುತ್ತಿದ್ದದ್ದು ಒಂದೇ ಕಡೆ. ಶಾಂತವ್ವನ ರೂಮಿನ ಕಡೆ ಕುಡಿಯುವ ನೀರಿಗೂ ಒದ್ದಾಟ ಎಂದು ಗೊತ್ತಾದಾಗ, ವಾರಕ್ಕೊಂದು ಕ್ಯಾನ್ ತುಂಬಿಕೊಂಡು ಹೋಗಲು ಅತ್ತಿಗೆಯೇ ಹೇಳಿದ್ದರು.

ನನ್ನ ಕಥೆ ಇರುವುದು ನನ್ನ ಕೂದಲಲ್ಲಿ. ನಗಬೇಡಿ. ಅಮ್ಮನಿಂದ ಬಂದ ಸೊಂಟದುದ್ದದ ಕೂದಲು, ನಾನು ಹೆಮ್ಮೆಪಡುತ್ತಿದ್ದ ಒಂದೇ ಒಂದು ವಸ್ತು. ಟ್ಯಾಂಕರ್ ನೀರಿಗೆ ಅದು ತೆಂಗಿನ ನಾರಾಗಿತ್ತು. ಶ್ಯಾಂಪೂ ಎಷ್ಟು ಸುರಿದರೂ ನೊರೆ ಬಾರದು, ಬಾಚಿದರೆ ಹಿಡಿ ಹಿಡಿ ಬರುವುದು. ಉದುರಿದ್ದನ್ನು ಸುತ್ತಿ ಕಸದ ಬುಟ್ಟಿಗೆ ಹಾಕುವಾಗ ಅಳು ಬರುತ್ತಿತ್ತು. ಗಂಡನನ್ನು ಬಿಟ್ಟು ಬಂದ ದಿನ ಅಳದವಳು ಬಾಚಣಿಗೆ ಹಿಡಿದು ಅತ್ತಿದ್ದೇನೆ.

ಮೇ ತಿಂಗಳ ಒಂದು ಗುರುವಾರ, ವಿಚ್ಛೇದನಕ್ಕೆ ಮುಂಚೆ ನನ್ನನ್ನೂ ಗಂಡನನ್ನೂ ಎದುರುಬದುರು ಕೂರಿಸಿ ಮಾತಾಡಿಸಲು ಕೋರ್ಟಿನಲ್ಲಿ ದಿನ ಕೊಟ್ಟಿದ್ದರು. ಮನೆ ಬಿಟ್ಟ ಮೇಲೆ ಗಂಡನ ಮುಖ ನೋಡುವುದು ಅದೇ ಮೊದಲು. ಅವನೆದುರು ಸೋತು ಸುಣ್ಣವಾದವಳ ಹಾಗೆ ಕಾಣಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅದೇ ಬೆಳಿಗ್ಗೆ ಅತ್ತಿಗೆ ಮತ್ತು ಶಾಂತವ್ವ ಹೂ ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಶನಿವಾರ ಸಂಜೆ ಬನಶಂಕರಿಯಲ್ಲಿ ದೊಡ್ಡ ಆರತಕ್ಷತೆ. ವೇದಿಕೆಯ ತುಂಬ ಬರೀ ಗ್ಲಾಡಿ ಬೇಕೆಂದು ಹುಡುಗಿಯ ತಾಯಿ ಹಟ ಹಿಡಿದಿದ್ದರು. ಆ ಒಂದು ವೇದಿಕೆ ಚೆನ್ನಾಗಿ ಬಂದರೆ ಆ ಹಾಲ್‌ನ ಕೆಲಸವೆಲ್ಲ ನಮ್ಮದೇ ಎಂದು ಅತ್ತಿಗೆ ತಿಂಗಳಿಂದ ಅದನ್ನೇ ಜಪಿಸುತ್ತಿದ್ದರು.

ಅಣ್ಣನೂ ಹೊರಗೆ ಹೋಗಿದ್ದ, ಮನೆಯಲ್ಲಿ ನಾನೊಬ್ಬಳೇ. ಡ್ರಮ್ಮಿನ ಮುಚ್ಚಳ ತೆಗೆದೆ. ನೀರು ತಣ್ಣಗೆ, ತಿಳಿಯಾಗಿತ್ತು. ಒಂದು ಬಕೆಟ್ ಸಾಕು ಅಂದುಕೊಂಡೆ. ಮೊದಲ ಚೊಂಬು ತಲೆಯ ಮೇಲೆ ಬಿದ್ದಾಗಲೇ ಕೂದಲು ನೀರನ್ನು ಗುರುತು ಹಿಡಿದಂತೆ ಮೃದುವಾಯಿತು. ನೊರೆ ಬಂತು, ತಿಂಗಳುಗಳ ನಂತರ ಕೈತುಂಬ ನೊರೆ. ಎರಡನೇ ಬಕೆಟ್ ತಂದೆ, ಮೂರನೆಯದು, ನಾಲ್ಕನೆಯದು. ಆಮೇಲೆ ನೋಡಿದರೆ ಡ್ರಮ್ಮಿನ ತಳ ಕಾಣುವಷ್ಟೇ ಬಾಕಿ. ಟ್ಯಾಂಕರ್ ಸಂಪಿನ ಪೈಪ್ ಎಳೆದುತಂದು ಮೊದಲಿದ್ದ ಮಟ್ಟಕ್ಕೆ ತುಂಬಿ ಮುಚ್ಚಳ ಹಾಕಿದೆ. ನಾಳೆ ಬೆಳಿಗ್ಗೆ ಕಾವೇರಿ ಬಂದರೂ ಬರಬಹುದು, ಎಲ್ಲರೂ ಏಳುವ ಮುಂಚೆ ಖಾಲಿ ಮಾಡಿ ಹಿಡಿದಿಟ್ಟರಾಯಿತು, ಒಂದು ದಿನಕ್ಕೆ ಏನಾಗಿಬಿಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೂದಲನ್ನು ಬಿಟ್ಟುಕೊಂಡೇ ಕೋರ್ಟಿಗೆ ಹೋದೆ. ಅವನು ಬರಲೇ ಇಲ್ಲ. ಮುಂದಿನ ತಾರೀಖು ಕೊಟ್ಟು ಕಳಿಸಿದರು.

ವಾಪಸು ಬರುವಷ್ಟರಲ್ಲಿ ಶಾಂತವ್ವ ಆ ನೀರನ್ನೇ ಬಕೆಟ್‌ಗಳಿಗೆ ಹಾಕಿ ಗ್ಲಾಡಿಯ ಕಟ್ಟುಗಳನ್ನೆಲ್ಲ ನಿಲ್ಲಿಸಿಯಾಗಿತ್ತು. ಗ್ಯಾರೇಜಿನ ತುಂಬ ಹಸಿರು ಕಡ್ಡಿಗಳು, ಕೆಳಗೊಂದೊಂದು ಬಿಳಿ ಚುಕ್ಕೆ. ಆಗಲೇ ಹೇಳಬಹುದಿತ್ತು. ಎರಡು ಕ್ಯಾನ್ ಕುಡಿಯುವ ನೀರು ಕೊಂಡುತಂದಿದ್ದರೂ ಏನಾದರೂ ಮಾಡಬಹುದಿತ್ತು. ಆದರೆ ಅತ್ತಿಗೆ, "ಕೋರ್ಟಲ್ಲಿ ಏನಾಯ್ತೇ?" ಎಂದು ಅಷ್ಟು ಮೆತ್ತಗೆ ಕೇಳಿದರು, ನಾನು ಅವನು ಬರಲಿಲ್ಲ ಎಂದಷ್ಟೇ ಹೇಳಿ ಮಹಡಿ ಹತ್ತಿದೆ. ಶುಕ್ರವಾರ ನಾಲ್ಕು ಗಂಟೆಗೆ ಎದ್ದು ನಲ್ಲಿಯ ಮುಂದೆ ಕೂತೆ. ನಲ್ಲಿ ಕೆಮ್ಮಲೂ ಇಲ್ಲ.

ಶುಕ್ರವಾರ ಸಂಜೆಗೆ ಅರಳಿದ ಹೂಗಳ ಅಂಚಿನಲ್ಲಿ ಟೀ ಕಲೆಯ ಹಾಗೆ ತೆಳ್ಳಗೆ ಕಂದು ಕಂಡಿತು. ಶನಿವಾರ ಬೆಳಿಗ್ಗೆ ಎಸಳೆಲ್ಲ ಬೆಂಕಿ ತಾಗಿದ ಕಾಗದದಂತೆ ಮುದುಡಿದ್ದವು, ಮೇಲಿನ ಮೊಗ್ಗುಗಳು ಅರಳದೆ ಹಾಗೇ ಕೂತಿದ್ದವು. ಮೂವರೂ ಕೂತು ಸಣ್ಣ ಕತ್ತರಿಯಲ್ಲಿ ಸುಟ್ಟ ಅಂಚುಗಳನ್ನು ಕತ್ತರಿಸಿದೆವು. ಸೇವಂತಿಗೆ ತರಿಸಿ ಸಂದಿಗೆ ತುರುಕಿದೆವು. ಸಂಜೆ ವೇದಿಕೆಯ ದೀಪ ಹಾಕಿದಾಗ ಯಾವ ಕಲೆಯೂ ಮುಚ್ಚಿಹೋಗಲಿಲ್ಲ. ಹುಡುಗಿಯ ತಾಯಿ ಎಲ್ಲರೆದುರಿಗೆ, "ಇದೇನು ನಳಿನಿ, ಹೂವಿಗೂ ತುಕ್ಕು ಹಿಡಿಯುತ್ತಾ?" ಅಂದರು. ಅತ್ತಿಗೆ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಭಾನುವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ಅತ್ತಿಗೆ ಶಾಂತವ್ವನನ್ನು ನಿಲ್ಲಿಸಿಕೊಂಡರು. ಡ್ರಮ್ಮಿನ ಅಂಚಿನಲ್ಲಿ ಟ್ಯಾಂಕರ್ ನೀರಿನ ಬಿಳಿ ಗೆರೆ ಅವರ ಕಣ್ಣಿಗೆ ಬಿದ್ದಿತ್ತು.

"ನೀರು ಬದಲಾಯಿಸಿದ್ದು ಯಾರು?"

"ನನಗ ಗೊತ್ತಿಲ್ರೀ ಮೇಡಂ. ಡ್ರಮ್ಮಿನ್ಯಾಗ ಇದ್ದದ್ದ ಹಾಕೀನ್ರಿ."

"ಒಂದು ಕ್ಯಾನ್ ತಗೊಂಡ್ಹೋಗು ಅಂದ್ರೆ ಡ್ರಮ್ಮೇ ಖಾಲಿ ಮಾಡಿದ್ಯಾ? ನಿಮ್ಮ ಬಿಲ್ಡಿಂಗಿಗೆಲ್ಲಾ ಹಂಚಿದ್ಯಾ? ಮೇಲೆ ಬೋರ್ ನೀರು ತುಂಬಿಟ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ?" ಆಮೇಲೆ ನನ್ನ ಕಡೆ ತಿರುಗಿದರು. "ವಸು, ನೀನು ಮನೇಲೇ ಇದ್ಯಲ್ಲ, ನೋಡಿದ್ಯಾ?"

ಆ ಗಳಿಗೆಯಲ್ಲಿ ನನಗೆ ಕಂಡದ್ದು ಮಹಡಿಯ ರೂಮು. ಅದೂ ಹೋದರೆ ನಾನು ಎಲ್ಲಿ? ಶ್ರೀನಗರಕ್ಕೆ ಮರಳುವುದಾ? "ಗೊತ್ತಿಲ್ಲ ಅತ್ತಿಗೆ" ಅಂದೆ. ಎರಡೇ ಪದ. ಅಣ್ಣನ ಮನೆಯಲ್ಲಿ ನಾಲ್ಕು ಬಕೆಟ್ ನೀರಿಗೆ ಯಾರೂ ಯಾರನ್ನೂ ಬೀದಿಗೆ ತಳ್ಳುತ್ತಿರಲಿಲ್ಲ ಎಂದು ಈಗ ಗೊತ್ತು. ಅವತ್ತೂ ಗೊತ್ತಿತ್ತೇನೋ.

ಅತ್ತಿಗೆ ಅವಳನ್ನು ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಶಾಂತವ್ವ ಡ್ರಮ್ಮಿನ ನೀರಿನಲ್ಲಿ ಸೋಪು ಹಚ್ಚಿ ಕೈ ತೊಳೆದಳು, ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದಳು, ಸೆರಗಿಗೆ ಕೈ ಒರೆಸಿ ಹೊರಟಳು. ನಾನು ಮಹಡಿ ಹತ್ತಿ ಕಿಟಕಿಯ ಪರದೆಯ ಹಿಂದೆ ನಿಂತೆ. ಅವಳು ಹೋಗಿರಲಿಲ್ಲ. ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ನಿಂತಿದ್ದಳು. ಊಟದ ಡಬ್ಬಿ ಒಳಗೇ ಬಿಟ್ಟಿದ್ದಳು; ಅದಕ್ಕಾಗಿ ಕಾಯುತ್ತಿದ್ದಾಳೆ, ಕೇಳಲು ಸಂಕೋಚ ಅಂದುಕೊಂಡೆ. ಡಬ್ಬಿ ಕೊಡಲೂ ಇಳಿಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮರದ ಕೆಳಗೆ ಯಾರೂ ಇರಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಅತ್ತಿಗೆ ಹೂವಿನ ಕೆಲಸವನ್ನು ಅರ್ಧಕ್ಕರ್ಧ ಕಡಿಮೆ ಮಾಡಿದ್ದರು. ನನಗೆ ಒಂದು ಸ್ಕೂಲಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಮುಂದೆ ಹೊಸಕೆರೆಹಳ್ಳಿಯಲ್ಲಿ ಒಂದು ಸಣ್ಣ ಮನೆ. ಆದರೆ ಆ ಶನಿವಾರ ಮನೆಯವರ ಬಾಯಲ್ಲಿ ಒಂದು ತಮಾಷೆಯಾಗಿ ಉಳಿದುಬಿಟ್ಟಿತು. ತುಳಸಿ ಬಾಡಿದರೂ ಸಾಕು, ಯಾರಾದರೂ "ಶಾಂತಮ್ಮನ ನೀರು ಹಾಕಿದ್ರಾ?" ಅನ್ನುವುದು, ಎಲ್ಲರೂ ನಗುವುದು. ಆ ನಗುವಿನಲ್ಲಿ ನನ್ನದೂ ಇರುತ್ತಿತ್ತು.

ಜೆ.ಪಿ. ನಗರದ ಆ ಮದುವೆ ಅತ್ತಿಗೆಯ ಕಡೆಯವರದು. ಪಂಕ್ತಿಯಲ್ಲಿ ಅತ್ತಿಗೆಯ ಪಕ್ಕ ನಾನು. ಎಲೆಗೆ ಕೋಸಂಬರಿ ಬಿದ್ದಿತ್ತು. ತೆರೆದ ಬಾಗಿಲಿನಿಂದ ಆ ಬಕೆಟ್‌ಗಳು ಕಾಣುತ್ತಿದ್ದವು; ಒಬ್ಬಳು ಹೆಂಗಸು ಬಗ್ಗಿ ಗ್ಲಾಡಿಯ ತುದಿ ಚಿವುಟುತ್ತಿದ್ದಳು. ಬೆರಳು ಆಡಿದ್ದು ಕಾಣಲಿಲ್ಲ. ತಲೆ ನರೆತಿತ್ತು, ಆದರೂ ತಕ್ಷಣ ಗೊತ್ತಾಯಿತು. ಅತ್ತಿಗೆಗೂ ಗೊತ್ತಾಯಿತು. ಅವರು ಮೊಣಕೈಯಿಂದ ನನ್ನನ್ನು ತಿವಿದು, ಆಚೆ ಪಕ್ಕದವರಿಗೂ ಕೇಳುವಂತೆ, "ನೋಡೇ, ನಮ್ಮ ನೀರುಕಳ್ಳಿ! ಇಲ್ಲೂ ಬಂದಿದ್ದಾಳೆ" ಅಂದರು. ಅವರು ನಕ್ಕರು. ನಾನೂ ನಗಬೇಕೆಂದು ಕಾದರು.

"ಅತ್ತಿಗೆ, ಅವಳು ಕದ್ದಿಲ್ಲ. ನೀರು ತಗೊಂಡಿದ್ದು ನಾನು" ಅಂದೆ. "ಕೋರ್ಟಿಗೆ ಹೋಗೋ ದಿನ, ತಲೆ ಸ್ನಾನಕ್ಕೆ. ಡ್ರಮ್ಮಿಗೆ ಟ್ಯಾಂಕರ್ ನೀರು ತುಂಬಿದ್ದೂ ನಾನೇ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಕೋಸಂಬರಿಯನ್ನು ಎಲೆಗೆ ಬಿಟ್ಟರು. ಬಡಿಸುವವನು ಅನ್ನ ಹಾಕಿ ಮುಂದೆ ಹೋದ. ನನಗೆ ಬೈಯಲಿ ಎಂದು ಕಾಯುತ್ತಿದ್ದೆ.

"ಅವತ್ತು ನಾನು ಅವಳಿಗೆ ಏನೇನಂದೆ, ನೆನಪಿದ್ಯಾ ನಿಂಗೆ?"

"ಇದೆ ಅತ್ತಿಗೆ."

"ಹೇಳು."

"ಇಲ್ಲಿ ಬೇಡ..."

"ಹೇಳೇ."

ಹೇಳಿದೆ. ಕಳ್ಳಿ ಎಂದದ್ದು, ನಿಮ್ಮ ಕಡೆಯವರೇ ಹೀಗೆ ಎಂದದ್ದು, ಇವತ್ತು ನೀರು ಕದ್ದವಳು ನಾಳೆ ಮನೆಗೇ ಕನ್ನ ಹಾಕುತ್ತಾಳೆ ಎಂದದ್ದು. ಪಾಯಸ, ಪಲ್ಯ ಎಂದು ಕೂಗುತ್ತಿದ್ದ ಆ ಗಲಾಟೆಯ ನಡುವೆ ಒಂದೊಂದೇ ಮಾತನ್ನು ಹೇಳಿದೆ. ಅತ್ತಿಗೆ ಕೇಳುತ್ತಾ ಕೇಳುತ್ತಾ ಸಣ್ಣಗಾದರು. ಬಡಿಸಿದ ಎಲೆಯನ್ನು ಬಿಟ್ಟು ಎದ್ದರು. ಎಲೆ ಬಿಟ್ಟು ಏಳುವುದನ್ನು ಕಂಡರೆ ಆಗದ ಹೆಂಗಸು. ನಾನು ಹಿಂದೆ ಹೋದೆ.

ಶಾಂತವ್ವ ಬಾಡಿದ ಕೆಳಗಿನ ಹೂಗಳನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು. ನಮ್ಮನ್ನು ನೋಡಿ ನೆಟ್ಟಗೆ ನಿಂತಳು. ಅತ್ತಿಗೆ ಎಂಜಲು ಕೈಯನ್ನು ಎಡಗೈಯಿಂದ ಹಿಡಿದುಕೊಂಡೇ, "ಶಾಂತಮ್ಮ, ತಪ್ಪಾಯ್ತು. ನೀರು ತಗೊಂಡಿದ್ದು ವಸು ಅಂತೆ. ನನಗೆ ಈಗ ಗೊತ್ತಾಯ್ತು" ಅಂದರು.

"ನನಗ ಅವತ್ತ ಗೊತ್ತಾಗಿತ್ರಿ ಮೇಡಂ" ಎಂದಳು ಶಾಂತವ್ವ. "ಕೈ ತೊಳಕೊಂಡ್ರ ಸೋಪು ನೊರಿ ಬರಲಿಲ್ಲ. ತಲಿ ಎತ್ತಿ ನೋಡಿದ್ನಿ, ಅಕ್ಕಾರ ಕೂದಲಾ ಗಾಳಿಗೆ ಹಾರ್‍ಯಾಡಾಕತ್ತಿತ್ತು. ಭಾಳ ಚಂದ ಕಾಣ್ತಿತ್ತು."

"ಆಗಲೇ ಹೇಳಬಾರದಿತ್ತಾ?"

"ನನಗಾದ್ರ ನಾಕು ಮನಿ ಕೆಲಸ ಸಿಗತಾವ್ರೀ. ಅವರು ಎಲ್ಲಿ ಹೋಗತಿದ್ರು?" ಆಮೇಲೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. "ಗೇಟಿನ ಹತ್ರ ನಿಂತಿದ್ದು ಡಬ್ಬಿ ಸಲುವಾಗಿ ಅಲ್ರೀ ಅಕ್ಕಾರ. ನೀವು ಇಳದು ಬರತೀರಿ ಅಂತ ನಿಂತಿದ್ನಿ. ಮ್ಯಾಲ ಪರದಿ ಅಳ್ಳಾಡಿದ್ದು ಕಂಡಿತ್ತು."

"ತಪ್ಪಾಯ್ತು, ನನ್ನನ್ನ ಕ್ಷಮಿಸಿ" ಅಂದೆ. ಆ ಬೇಸಿಗೆಯುದ್ದಕ್ಕೂ ಅವಳನ್ನು ನೀನು ಅನ್ನುತ್ತಿದ್ದೆ. ಅವಳು ಇರಲಿ ಬಿಡ್ರಿ ಅನ್ನಲಿಲ್ಲ. ಮುಖ ತಿರುಗಿಸಲೂ ಇಲ್ಲ. ಒಂದು ಕ್ಷಣ, ನಾನು ಯಾವತ್ತೋ ಕತ್ತರಿಸಿಕೊಂಡಿದ್ದ ಮೋಟು ಕೂದಲನ್ನು ನೋಡಿದಳು, ಆಮೇಲೆ ಬಕೆಟ್ಟಿನ ಹಿಡಿಗೆ ಕೈ ಹಾಕಿದಳು.

"ಸ್ವಲ್ಪ ಸರೀರಿ ಇಬ್ಬರೂ" ಎಂದಳು. "ನೀರು ಬದಲಿ ಮಾಡಬೇಕು."

ನಾವು ಗೋಡೆಗೆ ಸರಿದು ನಿಂತೆವು.